ರಾವೂರ ಆಯಿಯ ಉಲ್ಟಾ ಬಿಪಿ

ಅನುಮಾನ ಒಂದು ರೋಗವೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದನ್ನು ಬೇಸಿಗೆ ರಜೆಯಲ್ಲಿ ಕೂರಿಸಿ ಕಲಿಸುತ್ತಾರೆ, ಚೆನ್ನಾಗಿ ಅಂಟಿಸಿಕೊಂಡವರಿಗೆ ಪ್ರಮಾಣಪತ್ರವನ್ನೂ ಕೊಡುತ್ತಾರೆ ಎಂಬುದು ನನಗೆ ತಿಳಿದದ್ದು ಎಂಬಿಬಿಎಸ್ ಎರಡನೇ ವರ್ಷ ಮುಗಿದ ಮೇಲೆ. ಆ ಕಲಿಕೆಗೆ ಇಟ್ಟ ಹೆಸರು ಕ್ಲಿನಿಕಲ್ ರಿಸರ್ಚ್ ಟ್ರೇನಿಂಗ್. ಮೊದಲ ದಿನವೇ ನಮ್ಮ ಗೈಡ್ ಸರ್ ಕನ್ನಡಕ ಒರೆಸುತ್ತ, ಮೈಸೂರು ಕಡೆಯ ತಮ್ಮ ನಿಧಾನದ ದಪ್ಪ ದನಿಯಲ್ಲಿ, "ನೋಡಿ, ಸಂಶೋಧಕನಾದವನು ಯಾವುದನ್ನೂ ಸುಮ್ಮನೆ ನಂಬಬಾರದು. ಯಂತ್ರ ಕೆಟ್ಟಿರಬಹುದು. ರೋಗಿ ನಿಮ್ಮನ್ನು ಖುಷಿಪಡಿಸೋಕೆ ಸುಳ್ಳು ಹೇಳಬಹುದು. ಜೊತೆಗಾರ ಮನೆಯಲ್ಲೇ ಕೂತು ಅಂಕಿ ಬರೆದಿರಬಹುದು" ಎಂದರು. ನಾನು ತಕ್ಷಣ ಪಕ್ಕದಲ್ಲಿದ್ದ ರುಕ್ಸಾನಾಳ ಕಡೆ ನೋಡಿದೆ. ಅವಳು ಆಗಲೇ ನನ್ನ ಕಡೆ ನೋಡುತ್ತಿದ್ದಳು. ನಮ್ಮಿಬ್ಬರನ್ನೂ ಒಂದೇ ಜೋಡಿ ಮಾಡಿದ್ದರು.

ನನ್ನದೊಂದು ಚಟವಿದೆ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಾಡಿಗೆಗೆ ಬಂದುಬಿಡುತ್ತದೆ. ಆಮೇಲೆ ಮನೆ ಖಾಲಿ ಮಾಡುವುದಿಲ್ಲ. ಶಹಾಬಾದಿನ ನಮ್ಮ ಓಣಿಯ ಹಾಲಿನವನು, ಶಾಲೆಯ ಹೆಡ್ ಮಾಸ್ತರು, ನಮ್ಮವ್ವ, ಅವ್ವನ ಮೇಲೆ ಸಿಟ್ಟಾದ ಅಪ್ಪ, ಸಿಟ್ಟು ಇಳಿದ ಮೇಲಿನ ಅಪ್ಪ, ಎಲ್ಲರೂ ಒಳಗಿದ್ದಾರೆ. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಮಾಮಾನ ಬೆನ್ನ ಹಿಂದೆ ನಿಂತು ರೈಲ್ವೆಯ ಹೆಣ್ಣುಮಗಳ ದನಿಯಲ್ಲಿ, ಅವನ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬರುವುದಾಗಿ ಘೋಷಿಸಿದೆ. ಮಾಮಾ ಎರಡು ಸೂಟ್‌ಕೇಸು, ಒಂದು ಶೇಂಗಾ ಚಟ್ನಿಪುಡಿಯ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿ ಇಳಿದ. ಇಂದಿಗೂ ಅವನು ನನ್ನ ಎದುರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಕೈಸನ್ನೆ ಮಾಡುತ್ತಾನೆ. ಇಷ್ಟು ಬಾಡಿಗೆದಾರರ ನಡುವೆ ಮನೆಯ ಮಾಲೀಕನ ದನಿ ಯಾವುದೆಂದು ನನಗೇ ಕೆಲವು ಸಲ ಮರೆತುಹೋಗುತ್ತದೆ. ಗೈಡ್ ಸರ್ ಮೊದಲ ತರಗತಿ ಮುಗಿಸಿ ಹೊರಗೆ ಹೋಗುವಷ್ಟರಲ್ಲಿ ಅವರೂ ಬಂದು ಸೇರಿಕೊಂಡಿದ್ದರು.

ಬೇಸಿಗೆಯ ಬಿಸಿಲಲ್ಲಿ ವಯಸ್ಸಾದವರ ರಕ್ತದೊತ್ತಡ ಹೇಗೆ ಏರಿಳಿಯುತ್ತದೆ ಎಂದು ಮನೆಮನೆಗೆ ಹೋಗಿ ಅಳೆಯುವುದು ನಮ್ಮ ಕೆಲಸ. ನಮ್ಮ ಜೋಡಿಗೆ ಸಿಕ್ಕಿದ್ದು ವಾಡಿ ಪಕ್ಕದ ರಾವೂರು. ನಾನು ಶಹಾಬಾದಿನಿಂದ ರೈಲು ಹತ್ತಬೇಕು, ರುಕ್ಸಾನಾ ಚಿತ್ತಾಪುರದಿಂದ ಬರಬೇಕು. ವಿಷಯ ಕೇಳಿದ ಕೂಡಲೇ ಅವ್ವ ಒಲೆ ಆರಿಸಿ ಬಂದು ಎದುರಿಗೆ ಕೂತಳು. "ಬ್ಯಾಸಿಗಿ ಸೂಟ್ಯಾಗ ಯಾರರ ಓದ್ತಾರೇನೋ? ನೀ ಸಾಲಿ ಇದ್ದಾಗೇ ಓದಾಂವಲ್ಲ. ಆ ಹುಡುಗಿ ಯಾರು?"

"ಪಾರ್ಟ್ನರ್ ಅದಾಳವ್ವ, ಅಷ್ಟ."

"ಪಾರ್ಟ್ನರ್! ನೌಕರಿಗಿ ಇನ್ನ ಠಿಕಾಣಿಲ್ಲ, ಪಾರ್ಟ್ನರ್ ಬಂದಳು."

ಈ ಶಂಕೆ ನಿವಾರಣೆಗೆಂದು ರುಕ್ಸಾನಾಳನ್ನು ಒಂದು ದಿನ ಮನೆಗೇ ಕರೆತಂದೆ. ಅವಳು ಅವ್ವನ ಕೈಯ ರೊಟ್ಟಿ ತಿಂದು, ಅವ್ವನ ಬಿಪಿ ನೋಡಿ, ನನ್ನ ಪರೀಕ್ಷೆಯ ಅಂಕಗಳನ್ನು ಯಾರೂ ಕೇಳದಿದ್ದರೂ ಹೇಳಿ ಹೋದಳು. ಅಂದಿನಿಂದ ಅವ್ವನ ಅನುಮಾನ ದಿಕ್ಕು ಬದಲಿಸಿತು. "ಅಕಿ ಭಾಳ ಶಾಣ್ಯಾಕಿ ಅದಾಳ. ಪಾಪ, ನಿನ್ನ ಜೋಡಿ ಯಾಕ ಹಾಕ್ಯಾರ?"

ರಾವೂರಿನವರು ನಮ್ಮವ್ವನಿಗಿಂತ ಎರಡು ಗೇಣು ಮುಂದಿದ್ದರು. ಕುತ್ತಿಗೆಗೆ ಸ್ಟೆಥಾಸ್ಕೋಪು, ಕೈಯಲ್ಲಿ ಬಿಪಿ ಯಂತ್ರ ಹಿಡಿದು ಓಣಿಗೆ ಕಾಲಿಟ್ಟರೆ, ಕಟ್ಟೆಯ ಮೇಲೆ ಕೂತವರು, "ರೇಷನ್ ಕಾರ್ಡ ತೆಗಿಲಿಕ್ಕ ಬಂದೀರೇನ್ರಿ?" ಎನ್ನುತ್ತಿದ್ದರು. ಅಲ್ಲ, ಸುಮ್ಮನೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತೇವೆ, ಪುಗಸಟ್ಟೆ ಎಂದರೆ ಇನ್ನೂ ಗಾಬರಿ. "ಪುಗಸಟ್ಟೆ ಕೈ ಹಿಚಕ್ತಾರಂದ್ರ ಅದರಾಗ ಏನೋ ಅದ" ಎಂದು ಒಬ್ಬರು ಎದ್ದೇ ಹೋದರು. ನಾನಾದರೂ ಅಷ್ಟೇ. ಉಪ್ಪಿನಕಾಯಿ ತಿನ್ನುವುದಿಲ್ಲ ಎಂದವರ ಬಾಯಿ ವಾಸನೆ ನೋಡುತ್ತಿದ್ದೆ, ಬೀಡಿ ಸೇದುವುದಿಲ್ಲ ಎಂದವರ ಕಿವಿಯ ಸಂದು ನೋಡುತ್ತಿದ್ದೆ. ನಾವು ಅವರನ್ನು ನಂಬುತ್ತಿರಲಿಲ್ಲ, ಅವರು ನಮ್ಮನ್ನು ನಂಬುತ್ತಿರಲಿಲ್ಲ. ಸಂಶೋಧನೆಗೆ ಬೇಕಾದ ವಾತಾವರಣ ಚೆನ್ನಾಗಿತ್ತು.

ಈ ಊರಿನಲ್ಲಿ ಬಾಗಿಲು ಬಡಿಯುವ ಮೊದಲೇ ತೆರೆದ ಒಂದೇ ಒಂದು ಮನೆಯೆಂದರೆ ಶರಣಮ್ಮ ಆಯಿಯದು; ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನೆಲವೂ ಫರ್ಸಿ ಕಲ್ಲು, ಮಾಳಿಗೆಯೂ ಫರ್ಸಿ ಕಲ್ಲು. ಮಗ ಗಣಿಯಲ್ಲಿ ಅದೇ ಕಲ್ಲು ಕಡಿಯುತ್ತಾನೆ. ಆಯಿಯ ಎರಡು ಕಣ್ಣಿಗೂ ಪೊರೆ ಬಂದು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಅದು ಒಬ್ಬರೋ ಮೂವರೋ ತಿಳಿಯುತ್ತಿರಲಿಲ್ಲ. ಮೊದಲ ದಿನ, "ಯಾರವಾ?" ಎಂದು ಒಳಗಿನಿಂದ ಕೇಳಿದಾಗ ಸೊಸೆ ಮಹಾದೇವಿ, "ಡಾಕ್ಟರ್ ಮಂದಿ ಬಂದಾರ" ಎಂದಳು. ಮಂದಿ ಎಂದರೆ ನಾನು ಮತ್ತು ರುಕ್ಸಾನಾ.

ಆಯಿಗೆ ಮಾತೆಂದರೆ ಪ್ರಾಣ. ಬಿಪಿ ನೋಡುವಾಗ ಮಾತಾಡಿದರೆ ಅಂಕಿ ಏರುತ್ತದೆ, ಬಾಯಿ ಮುಚ್ಚಿ ಕೂರಬೇಕು. ಆಯಿ ಪಟ್ಟಿ ಸುತ್ತಿಸಿಕೊಂಡು ತನ್ನ ಮದುವೆಯಿಂದ ಶುರು ಮಾಡಿದಳು. "ಆಯಿ, ಜರಾ ಸುಮ್ಮ ಕುಂದ್ರಿ" ಎಂದೆ. "ಕುಂತೇ ಅದೀನಲ್ಲ" ಎಂದು ನಾಲವಾರದ ತವರಿಗೆ ಹೋದಳು. ರುಕ್ಸಾನಾ ಬೇಡಿಕೊಂಡಳು. ಆಯಿ ಅವಳಿಗೆ ಮದುವೆ ಯಾವಾಗ ಎಂದು ಕೇಳಿದಳು. ಕೊನೆಗೆ ನಾನು ಬಾಗಿಲ ಬಳಿಯ ಕುರ್ಚಿಗೆ ಸರಿದು, ಒಳಗಿದ್ದ ಗೈಡ್ ಸರ್ ಅವರನ್ನು ಎಬ್ಬಿಸಿ ಗಂಟಲಿಗೆ ತಂದೆ. "ಏನಮ್ಮಾ! ಮಾತಾಡಬಾರದು ಅಂತ ಹೇಳಿಲ್ವಾ? ಬೆನ್ನು ಗೋಡೆಗೆ ಒರಗಿಸಿ. ಕಾಲು ನೆಲಕ್ಕೆ ಊರಿ. ಏಯ್ ಹುಡುಗಾ, ನೀನೂ ಬಾಯಿ ಮುಚ್ಚು." ಆಯಿ ತಲೆಯ ಮೇಲೆ ಸೆರಗೆಳೆದುಕೊಂಡು ಗಪ್ ಆದಳು. ಮಹಾದೇವಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಇಷ್ಟು ಸುಲಭದ ಮಂತ್ರ ಸಿಕ್ಕ ಮೇಲೆ ಬಿಡುವುದುಂಟೆ? ಪ್ರತಿ ಭೇಟಿಯಲ್ಲೂ ಯಂತ್ರ ತೆಗೆಯುವ ಮೊದಲು ಸರ್ ಅವರನ್ನು ತೆಗೆಯುತ್ತಿದ್ದೆ.

ಆಯಿ ಬಾಯಿ ಮುಚ್ಚಿದ ಮೇಲೆ ಬಿಪಿ ನೋಡಿದೆವು. ಮೇಲಿನ ಅಂಕಿ ನೂರೆಪ್ಪತ್ತು ದಾಟಿತ್ತು. ಐದು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಮತ್ತೊಂದು ದಿನ ಹೋದಾಗಲೂ ಅಷ್ಟೇ. ಆದರೆ ಮೊಣಕಾಲು ನೋವೆಂದು ಆಯಿ ದವಾಖಾನೆಗೆ ಹೋದಾಗ ನರ್ಸಮ್ಮ ನೋಡಿದ ಬಿಪಿ, ನನ್ನ ವಯಸ್ಸಿನವರಿಗೂ ಹೊಟ್ಟೆಕಿಚ್ಚಾಗುವಷ್ಟು ಸರಿಯಾಗಿತ್ತು. ಪುಸ್ತಕದಲ್ಲಿರುವುದು ಇದರ ಉಲ್ಟಾ. ದವಾಖಾನೆಯಲ್ಲಿ ಬಿಳಿ ಕೋಟು ಕಂಡು ಅಂಜಿ ಏರುತ್ತದೆ, ಮನೆಯಲ್ಲಿ ಇಳಿಯುತ್ತದೆ. ಆಯಿಯದು ದವಾಖಾನೆಯಲ್ಲಿ ಇಳಿದು ಮನೆಯಲ್ಲಿ ಏರುತ್ತಿತ್ತು. ಬಿಳಿ ಕೋಟಿಗೆ ಅಂಜುವವಳಂತೂ ಅಲ್ಲ, ಅವಳಿಗೆ ಕೋಟೇ ಕಾಣುವುದಿಲ್ಲವಲ್ಲ ಎಂದು ನಾನು ತರ್ಕ ಮಾಡಿದೆ. ಅಂಜಿಕೆಗೆ ಕಣ್ಣೇ ಬೇಕೆಂದು ನನ್ನ ತಿಳಿವಳಿಕೆ.

ಇದು ಬರೀ ನಮ್ಮ ಲೆಕ್ಕದ ತಲೆನೋವಾಗಿದ್ದರೆ ಆಯಿಯ ಹೆಸರು ಬಿಟ್ಟು ಮುಂದೆ ಹೋಗಬಹುದಿತ್ತು. ವಾಡಿಯಲ್ಲಿ ಕಣ್ಣಿನ ಆಪರೇಷನ್ ಶಿಬಿರ ಬರುವುದಿತ್ತು. ಹಿಂದಿನ ಶಿಬಿರ ಆಯಿಗೆ ಜ್ವರ ಬಂದು ತಪ್ಪಿತ್ತು. ಹೆಸರು ಬರೆಸಲು ಹೋದ ಮಗನಿಂದ ಶಿಬಿರದ ಡಾಕ್ಟರು ಎರಡೂ ಕಡೆಯ ಬಿಪಿ ಕೇಳಿ, "ಮನ್ಯಾಗ ಆರಾಮ ಕುಂತಾಗೇ ಇಷ್ಟ ಏರ್ತದಂದ್ರ ಟೇಬಲ್ ಮ್ಯಾಲ ಏನಾಗಬೇಕು? ಆ ಹುಡುಗರ ಲೆಕ್ಕ ಇಳೀಲಿ, ಆಮ್ಯಾಲ ಕರ್ಕೊಂಡ ಬರ್ರಿ" ಎಂದುಬಿಟ್ಟರಂತೆ. ಆಯಿಯ ಕಣ್ಣಿಗೂ ಶಿಬಿರಕ್ಕೂ ನಡುವೆ ನಮ್ಮ ಯಂತ್ರ ಅಡ್ಡ ನಿಂತಿತ್ತು.

ಆಯಿಗೆ ಕಣ್ಣು ಬೇಕಾದದ್ದು ಲೋಕ ನೋಡಲಿಕ್ಕಲ್ಲ. ತೊಗರಿ ಬೇಳೆಯಲ್ಲಿನ ಕಲ್ಲು ನೋಡಲಿಕ್ಕೆ. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಬೇಳೆ ಕೇರಿ ಹಸನು ಮಾಡುವುದು ಅವಳದೇ ಕೆಲಸವಾಗಿತ್ತು. ಒಂದು ದಿನ ಮಗನ ಹಲ್ಲಿಗೆ ಕಲ್ಲು ಸಿಕ್ಕಿ ಹಲ್ಲಿನ ಚೂರು ಹಾರಿತು. ದಿನವಿಡೀ ಕಲ್ಲು ಒಡೆಯುವವನ ಹಲ್ಲನ್ನು ಕಲ್ಲು ಒಡೆದದ್ದು. ಅವನು ಏನೂ ಅನ್ನಲಿಲ್ಲ, ಮಹಾದೇವಿಯೂ ಏನೂ ಅನ್ನಲಿಲ್ಲ. ಮರುದಿನ ಮೊರ ಮಾತ್ರ ಆಯಿಯ ಗೋಡೆಯಿಂದ ಅಡುಗೆಮನೆಯ ಗೋಡೆಗೆ ಹೋಗಿತ್ತು. "ಬೈದಿದ್ದರ ಛಲೋ ಇತ್ತು ತಮ್ಮ" ಎಂದಳು ಆಯಿ. "ಅವತ್ತಿನಿಂದ ನಾ ಈ ಮನ್ಯಾಗ ಬೀಗರಂಗ ಆಗೀನಿ. ಉಣ್ಣು ಅಂತಾರ, ಮಲಗು ಅಂತಾರ. ಕಣ್ಣ ಬರಲಿ, ನನ್ನ ಮೊರ ನಾ ತಗೋತೀನಿ." ಇದನ್ನು ಕೇಳಿದ ಮೇಲೆ ನನ್ನಂಥ ತೀಟೆಯವನಿಗೂ ರಾತ್ರಿ ಊಟ ರುಚಿಸಲಿಲ್ಲ. ಅಂದು ಅವ್ವ ಮಾಡಿದ್ದೂ ಬೇಳೆಯ ಸಾರೇ.

ಹಾಗಾಗಿ ಅನುಮಾನಕ್ಕೆ ಸೊಂಟ ಕಟ್ಟಿ ನಿಂತೆ. ಮೊದಲು ಯಂತ್ರ. ನನಗೆ ಸುತ್ತಿಕೊಂಡೆ, ಸರಿಯಿತ್ತು. ಮಹಾದೇವಿಗೆ ಸುತ್ತಿದೆ, ಸರಿಯಿತ್ತು. ಆಯಿಗೆ ಸುತ್ತಿದರೆ ಹಳೇ ಕಥೆ. ಎರಡನೆಯದು ಉಪ್ಪು. ಆಯಿಯ ಮಂಚದ ಕೆಳಗೆ ಬಗ್ಗಿ ಮಾವಿನ ಉಪ್ಪಿನಕಾಯಿ ಭರಣಿ ಹುಡುಕಿದೆ. ಸಿಕ್ಕಿದ್ದು ಒಂದು ಚಪ್ಪಲಿ ಮತ್ತು ನನ್ನ ಬೆನ್ನಿಗೆ ಬಿದ್ದ ಆಯಿಯ ಕೋಲು. "ಬೆಕ್ಕ ಬಂದಂಗ ಇತ್ತು" ಎಂದಳು. ಮೂರನೆಯದು ಮಹಾದೇವಿ. ಸೊಸೆಗೆ ಮೊರ ಬಿಟ್ಟುಕೊಡಲು ಮನಸ್ಸಿಲ್ಲದೆ, ನಾವು ಬರುವ ಹೊತ್ತಿಗೆ ಹಪ್ಪಳ ಗಿಪ್ಪಳ ತಿನ್ನಿಸುತ್ತಿದ್ದಾಳೋ ಎಂದು ಅವಳನ್ನು ಓರೆಗಣ್ಣಿಂದ ನೋಡತೊಡಗಿದೆ. ಆ ಮನೆಯಲ್ಲಿ ವಿಚಿತ್ರವಾಗಿ ಕಂಡದ್ದು ಒಂದೇ. ನಾವಿಬ್ಬರು ಹೋದರೂ ಆಯಿ ಕೂಗಿ ಹೇಳಿ ಮೂರು ಕಪ್ಪು ಚಹಾ ತರಿಸುತ್ತಿದ್ದಳು. ಬಿಪಿ ನೋಡುವ ಮೊದಲು ಚಹಾ ಕುಡಿಯಬಾರದೆಂದು ಅವಳು ಮಾತ್ರ ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಯಾರಾದರೂ ಬಂದಾರೆಂದು ಒಂದು ಕಪ್ಪು ಹೆಚ್ಚಿಗೆ ಮಾಡುವುದು ರೂಢಿಯೇ. ಮೂರನೆಯದನ್ನು ನಾನೇ ಕುಡಿಯುತ್ತಿದ್ದೆ. ಎಲ್ಲವನ್ನೂ ಅನುಮಾನಿಸಿದವನು ಚಹಾವನ್ನು ಅನುಮಾನಿಸಲಿಲ್ಲ.

ಉಳಿದದ್ದು ರುಕ್ಸಾನಾ. ಅವಳಿಗೂ ಉಳಿದದ್ದು ನಾನೇ. "ಪಟ್ಟಿ ನೀನೇ ಸುತ್ತತಿ, ಏನರ ಮಾಡ್ತಿರಬೇಕು" ಎಂದಳು. "ಬರೆಯಾಕಿ ನೀನು, ನಿನ್ನ ಪೆನ್ನೇ ಏರಸ್ತಿರಬೇಕು" ಎಂದೆ. ಜಗಳ ಬಗೆಹರಿಯಲೆಂದು, ಒಂದು ದಿನ ಅವಳೊಬ್ಬಳೇ ಒಳಗೆ ಹೋಗಿ ನೋಡುವುದು, ಇನ್ನೊಂದು ದಿನ ನಾನೊಬ್ಬನೇ ಎಂದು ತೀರ್ಮಾನವಾಯಿತು. ಅವಳ ಸರದಿ ಬಂದ ದಿನ ನಾನು ಹೊರಗೆ ಬೇವಿನ ಮರದ ನೆರಳಲ್ಲಿರುತ್ತೇನೆಂದು ಮಾತು ಕೊಟ್ಟು, ಕಿಟಕಿಯ ಕೆಳಗೆ ಕೂತು ಕಿವಿಯನ್ನು ಗೋಡೆಗೆ ಹಚ್ಚಿದೆ. ಬಿಸಿಲಿಗೆ ಕಾದ ಫರ್ಸಿ ಕಲ್ಲು. ಕಿವಿ ರೊಟ್ಟಿಯಾಯಿತು, ಆದರೂ ತೆಗೆಯಲಿಲ್ಲ. ಜೊತೆಗಾರ್ತಿಯ ಮೋಸ ಹಿಡಿಯುವ ಗಳಿಗೆ ದಿನಾ ಬರುವುದಿಲ್ಲ.

ಒಳಗೆ ಆಯಿಯ ದನಿ ಕೇಳಿತು. "ಯವ್ವಾ, ಇವತ್ತ ದೊಡ್ಡ ಡಾಕ್ಟರ್ ಬಂದಿಲ್ಲೇನು?"

"ಯಾವ ದೊಡ್ಡ ಡಾಕ್ಟರ್ ಆಯಿ?"

"ಅದೇ, ದಪ್ಪ ದನಿಯವರು. ಬಾಗಲ ಕಡಿ ಕುಂದರ್ತಾರಲ್ಲ, ಮೈಸೂರ ಸೀಮಿಯವರು. ಭಾಳ ಕಡಕ್ ಮನುಷ್ಯ ಅದಾರ. ಆ ತೀಟಿ ಹುಡುಗಗೂ ಬೈತಾರ, ನನಗೂ ಬೈತಾರ. ಅವರು ದನಿ ತೆಗದ್ರಂದ್ರ ನನ್ನ ಎದಿ ಧಡಧಡ ಅಂತದ ನೋಡು. ನನ್ನ ಕಣ್ಣಿನ ಪರವಾನಗಿ ಅವರ ಕೈಯಾಗೇ ಅದ ಅಲ್ಲ? ಅದಕ್ಕ ಒಂದ ದಿನಾನೂ ಚಹಾ ತಪ್ಪಿಸಿಲ್ಲ. ದೊಡ್ಡವರು ಖರೇ, ಆದರ ಚಹಾ ಕುಡಿವಾಗ ಎಮ್ಮಿ ನೀರ ಕುಡದಂಗ ಸಪ್ಪಳ ಮಾಡ್ತಾರ."

ಒಳಗೆ ಮಹಾದೇವಿಗೆ ಕೆಮ್ಮು ಬಂತು, ಪಾತ್ರೆ ಬಿದ್ದ ಸದ್ದಾಯಿತು. ರುಕ್ಸಾನಾ ಹೊರಗೆ ಬಂದು, ಕಿಟಕಿಯ ಕೆಳಗೆ ಕೂತಿದ್ದ ನನ್ನನ್ನು ನೋಡಿ, ಯಾಕೆ ಕೂತೆ ಎಂದೂ ಕೇಳದೆ ಯಂತ್ರ ತೋರಿಸಿದಳು. ಆಯಿಯ ಬಿಪಿ ದವಾಖಾನೆಯಲ್ಲಿ ಇದ್ದಷ್ಟೇ ಇತ್ತು. "ಸಾಹೇಬರ," ಎಂದಳು ರುಕ್ಸಾನಾ, "ಒಳಗ ಬರ್ರಿ, ನಿಮ್ಮ ಚಹಾ ಆರಾಕತ್ತದ."

ಒಳಗೆ ಹೋಗಿ ಆಯಿಯ ಎದುರು ಕೂತು ನಿಜ ಹೇಳಿದೆ. ಅಂಥ ಡಾಕ್ಟರು ಈ ಮನೆಗೆ ಬಂದೇ ಇಲ್ಲ, ಅದು ನಾನೇ ಮಾಡಿದ ಅಣಕ ಎಂದೆ. ಆಯಿ ನಂಬಲಿಲ್ಲ. ನಂಬಿಸಲೆಂದು, "ಏನಮ್ಮಾ, ಉಪ್ಪು ಕಡಿಮೆ ಮಾಡಿದ್ದೀರಾ?" ಎಂದೆ. ಆಯಿ ಧಡಕ್ಕನೆ ಸೆರಗೆಳೆದುಕೊಂಡು ಬಾಗಿಲ ಕಡೆ ಕೈ ಮುಗಿದಳು. "ಬಂದ್ರೇನ್ರಿ ಸಾಹೇಬರ? ಕುಂದ್ರಿ, ಕುಂದ್ರಿ." ಆಮೇಲೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು: "ದೊಡ್ಡವರು ಬರೂ ಹೊತ್ತಿಗಿ ಅವರ ಬಗ್ಗೆ ಹಂಗ ಹಗರ ಮಾತಾಡಬಾರದು ತಮ್ಮ. ನಿನ್ನ ಸರ್ಟಿಫಿಕೇಟ್ ಕೊಡಾಂಗಿಲ್ಲ ಅವರು." ಮಹಾದೇವಿ ಆಣೆ ಮಾಡಿ ಹೇಳಿದಳು, ರುಕ್ಸಾನಾ ಹೇಳಿದಳು. ಎಲ್ಲರೂ ಕೂಡಿ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಶಂಕೆ ಆಯಿಯ ಮುಖದಲ್ಲಿ ಗಟ್ಟಿಯಾಗುತ್ತಲೇ ಹೋಯಿತು. "ಆತು, ನೀ ಅಣಕ ಮಾಡ್ತಿ ಅಂತ ತಿಳಕೋತೀನಿ" ಎಂದಳು ಕೊನೆಗೆ. ನಮ್ಮ ಸಮಾಧಾನಕ್ಕೆ ಹೇಳಿದಂತಿತ್ತು.

ಶಿಬಿರದ ದಿನ ಹತ್ತಿರವಾಗಿತ್ತು. ಗೈಡ್ ಸರ್ ಅವರಿಗೆ ಹೇಳದೆ ಗತಿಯಿರಲಿಲ್ಲ. ರುಕ್ಸಾನಾ ನಡೆದದ್ದನ್ನೆಲ್ಲ ಹೇಳಿದಳು, ನಾನು ಅವರ ಚಪ್ಪಲಿ ನೋಡುತ್ತ ನಿಂತೆ. ಸರ್ ಕನ್ನಡಕ ಒರೆಸಿದರು. "ಎಲ್ಲಿ, ಒಂದು ಸಲ ಮಾಡಿ ತೋರ್ಸು" ಎಂದರು. ಮಾಡಿದೆ. "ನಾನು ಹೀಗೆ ಮಾತಾಡೋದೇ ಇಲ್ಲ" ಎಂದರು, ತದ್ವತ್ ಹಾಗೆಯೇ. ನಾನಿದ್ದಾಗ ತೆಗೆದ ಆಯಿಯ ಅಂಕಿಗಳನ್ನೆಲ್ಲ ಹೊಡೆದು ಹಾಕಿದರು. ರುಕ್ಸಾನಾ ಒಬ್ಬಳೇ ಹೋಗಿ ತೆಗೆದ ಅಂಕಿಯನ್ನೂ ನಂಬಲಿಲ್ಲ, ನಮ್ಮ ಕಥೆಯನ್ನಂತೂ ನಂಬಲೇ ಇಲ್ಲ. ತಾವೇ ಬಂದು ನೋಡುತ್ತೇನೆಂದು ಮರುದಿನ ಜೀಪು ಹತ್ತಿದರು. ನನ್ನ ನಕಲಿಗೇ ಆ ಪರಿ ಏರಿದ ಬಿಪಿ, ಅಸಲು ಮನುಷ್ಯನೇ ಎದುರು ಬಂದು ಕೂತರೆ ಎಲ್ಲಿಗೆ ಹೋಗಿ ನಿಂತೀತು? ಆಯಿಯ ಮೊರ ಅಡುಗೆಮನೆಯಲ್ಲೇ ಉಳಿಯುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಸರ್, ಮಾತಾಡಬೇಡಿ ಎಂದು ಗೈಡಿಗೆ ಹೇಳುವ ಧೈರ್ಯ ಯಾವ ವಿದ್ಯಾರ್ಥಿಗಿದೆ?

ಸರ್ ಬಂದು, ಬಾಗಿಲ ಬಳಿಯ ಅದೇ ಕುರ್ಚಿಯಲ್ಲಿ ಕೂತು, ಅದೇ ದಪ್ಪ ದನಿಯಲ್ಲಿ, "ಏನಮ್ಮಾ, ಹೇಗಿದ್ದೀರಾ?" ಎಂದರು.

ನಾನು ಕಣ್ಣು ಮುಚ್ಚಿಕೊಂಡೆ. ಆಯಿ ಸೆರಗೆಳೆಯಲಿಲ್ಲ, ಕೈ ಮುಗಿಯಲಿಲ್ಲ. ತಲೆ ವಾಲಿಸಿ ಕೇಳಿದಳು. ಆಮೇಲೆ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಹೌದೇಳವಾ ರುಕ್ಸಾನಾ, ನೀವು ಅಂದಿದ್ದು ಖರೇ ಅದ. ಆ ಹುಡುಗ ಅಣಕ ಮಾಡಾಕತ್ತಾನ. ಆದರ ಇವತ್ತ ಬರೋಬರಿ ಬರಲಿಲ್ಲ ತಮ್ಮ. ಸಾಹೇಬರ ದನ್ಯಾಗ ಒಂದ ತೂಕ ಇರ್ತದ. ಇದು ನೆಗಡಿ ಬಂದಂಗ ಕೇಳ್ತದ."

ಸರ್ ಅವರ ಮುಖ ನೋಡುವ ಶಕ್ತಿ ನನಗಿರಲಿಲ್ಲ. ಅವರು ಒಂದು ಮಾತೂ ಆಡದೆ ಎದ್ದು ಬಂದು, ತಾವೇ ಪಟ್ಟಿ ಸುತ್ತಿ ಬಿಪಿ ನೋಡಿದರು. ಸರಿಯಿತ್ತು. ಸ್ವಲ್ಪ ಹೊತ್ತು ಬಿಟ್ಟು, "ಬೆನ್ನು ಗೋಡೆಗೆ ಒರಗಿಸಿ" ಎಂದು ತಮ್ಮ ದನಿಯಲ್ಲಿ ಇದ್ದಬದ್ದ ತೂಕವನ್ನೆಲ್ಲ ಹಾಕಿ ಹೇಳಿ ಮತ್ತೊಮ್ಮೆ ನೋಡಿದರು. ಆಯಿ ಮುಸಿಮುಸಿ ನಗುತ್ತಿದ್ದಳು, ಆದರೂ ಸರಿಯಿತ್ತು. ಸರ್ ಅಲ್ಲಿಂದಲೇ ಶಿಬಿರದ ಡಾಕ್ಟರಿಗೆ ಫೋನು ಮಾಡಿ, ಈ ಅಮ್ಮನ ಬಿಪಿ ತಾವೇ ನೋಡಿದ್ದಾಗಿಯೂ ಆಪರೇಷನ್ನಿಗೆ ಅಡ್ಡಿಯಿಲ್ಲವೆಂದೂ ಹೇಳಿದರು. ಜೀಪು ವಾಡಿ ದಾಟಿದ ಮೇಲೆ ರುಕ್ಸಾನಾಳನ್ನು ಮೆಲ್ಲಗೆ ಕೇಳಿದರು: "ನನಗೆ ನೆಗಡಿ ಆಗಿರೋ ಹಾಗೆ ಕೇಳಿಸುತ್ತಾ?"

ಆಯಿಯ ಒಂದು ಕಣ್ಣಿನ ಆಪರೇಷನ್ ಆಯಿತು. ಕೆಲವು ವಾರ ಬಿಟ್ಟು, ನಮ್ಮ ತರಬೇತಿಯ ಕೊನೆಯ ಭೇಟಿಗೆ ಹೋದಾಗ ಅವಳು ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಕಣ್ಣಿಗೆ ಧೂಳು ತಾಗಬಾರದೆಂದು ಕೇರುವುದನ್ನು ಮಹಾದೇವಿ ಮಾಡಿಕೊಟ್ಟಿದ್ದಳು. ಹಸನಾದ ಬೇಳೆಯ ಮೊರ ಆಯಿಯ ತೊಡೆಯ ಮೇಲಿತ್ತು. ಆರಿಸಿ ಎತ್ತಿದ ಒಂದೊಂದು ಕಲ್ಲನ್ನೂ ಫರ್ಸಿಯ ಮೇಲೆ ಸಾಲಾಗಿ ಇಟ್ಟಿದ್ದಳು, ಸೊಸೆಗೆ ಕಾಣುವ ಹಾಗೆ. ರುಕ್ಸಾನಾಳನ್ನು ಹತ್ತಿರ ಕರೆದು ಗಲ್ಲ ಮುಟ್ಟಿ ಮುಖ ನೋಡಿ, "ದನಿ ಹೆಂಗೋ ಹಂಗೇ ಮಾರಿ ಅದ ನೋಡು" ಎಂದಳು. ಆಮೇಲೆ ನನ್ನ ಹಿಂದೆ, ಬಾಗಿಲ ಕಡೆ ಇಣುಕಿದಳು.

"ಸಾಹೇಬರು?"

ನಾನು ಗಂಟಲು ಸರಿಮಾಡಿಕೊಂಡು, "ಏನಮ್ಮಾ, ಚೆನ್ನಾಗಿ ಕಾಣುತ್ತಾ?" ಎಂದೆ.

ಆಯಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ಆ ತೂಕದ ದನಿ ಹೊರಟ ಬಾಯಿಯನ್ನು, ಮೂಡಿಯೂ ಮೂಡದಂತಿದ್ದ ಮೀಸೆಯನ್ನು, ಬಿಸಿಲಿಗೆ ಸುಲಿದ ಮೂಗನ್ನು, ಎರಡು ಕಿವಿಗಳನ್ನು, ಬೇಳೆಯಲ್ಲಿ ಕಲ್ಲು ಹುಡುಕುವಂತೆ ಒಂದೊಂದಾಗಿ ನೋಡಿದಳು. ನೋಡಿ ಮುಗಿಸಿ ಮೊರದ ಕಡೆ ಬಗ್ಗಿದಳು.

"ಈ ಮಾರಿಗೇನು ನಾ ಅಂಜಿದ್ದು? ಮಹಾದೇವಿ, ಎರಡೇ ಕಪ್ ಚಹಾ ಇಡು."